ಸಾಲ್ಸ್ಕ್ ಜಿಲ್ಲೆಯ ಪ್ರಕರಣ: ದರ್ಜೆಯ ಕಾಲಂನಿಂದ ಜನಾಂಗದ ಕಾಲಂಗೆ

ದಕ್ಷಿಣ ರಷ್ಯದಲ್ಲಿ ಡಾನ್ ನದಿಯ ಎಡದಂಡೆಯಾಚೆಗೆ, ಸಾಲ್ ಮತ್ತು ಮನಿಚ್ ಎಂಬ ಎರಡು ನದಿಗಳ ಆಸುಪಾಸಿನಲ್ಲಿ, ಮರವೇ ಅಪರೂಪವಾದ ವಿಶಾಲ ಹುಲ್ಲುಬಯಲೊಂದಿದೆ. ತ್ಸಾರ್ ಕಾಲದಲ್ಲಿ ಈ ಬಯಲು ಡಾನ್ ಕೊಸಾಕ್ ಪ್ರಾಂತದ ಒಂಬತ್ತು ಜಿಲ್ಲೆಗಳಲ್ಲಿ ಒಂದಾಗಿದ್ದು, 1884ರಲ್ಲಿ ಅದಕ್ಕೆ ಸಾಲ್ಸ್ಕ್ ಓಕ್ರುಗ್ ಎಂಬ ಹೆಸರು ಬಂತು. ಓಕ್ರುಗ್ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಅದಕ್ಕೂ ಹಿಂದೆ ಸರ್ಕಾರಿ ಕಾಗದಪತ್ರಗಳು ಇದನ್ನು ಕಲ್ಮಿಕರ ಅಲೆಮಾರಿ ನೆಲೆ ಎಂದು ಕರೆಯುತ್ತಿದ್ದವು. ಜಿಲ್ಲಾ ಕೇಂದ್ರ ವೆಲಿಕೊಕ್ನ್ಯಾಝೆಸ್ಕಯಾ ಎಂಬ ಕೊಸಾಕ್ ಊರು. ಇಂದಿನ ಸಾಲ್ಸ್ಕ್ ಪಟ್ಟಣವೇ ಹಳೆಯ ಜಿಲ್ಲೆಯ ಕೇಂದ್ರವಾಗಿತ್ತೆಂದು ನಕಾಶೆ ನೋಡಿದವರು ಎಣಿಸುವುದುಂಟು. ಅದು ಸರಿಯಲ್ಲ, ಆ ಪಟ್ಟಣಕ್ಕೆ ಸಾಲ್ಸ್ಕ್ ಎಂಬ ಹೆಸರು ಬಂದದ್ದು ಸೋವಿಯತ್ ಕಾಲದಲ್ಲಿ.

ಕೊಸಾಕ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಉಣ್ಣೆಯ ಟೋಪಿ, ಉದ್ದ ಖಡ್ಗ, ಕೊರಳಲ್ಲಿ ಶಿಲುಬೆ, ಬಾಯಲ್ಲಿ ರಷ್ಯನ್ ಹಾಡು. ಈ ಜಿಲ್ಲೆಯ ಕೊಸಾಕರಲ್ಲಿ ಬಹುಪಾಲು ಜನ ಕಲ್ಮಿಕರೆಂಬ ಬೌದ್ಧರಾಗಿದ್ದರು. ಮನೆಯಲ್ಲಿ ಮಂಗೋಲ್ ಬಳಗದ ಭಾಷೆಯನ್ನಾಡುತ್ತಿದ್ದರು, ಮಕ್ಕಳಿಗೆ ಬದ್ಮಾ, ಎರ್ದ್ನಿ, ಓಚಿರ್ ಎಂದು ಹೆಸರಿಡುತ್ತಿದ್ದರು. ಬದ್ಮಾ ನಮ್ಮ ಪದ್ಮವೇ. ಎರ್ದ್ನಿ ಎಂಬುದು ರತ್ನ, ಓಚಿರ್ ಎಂಬುದು ವಜ್ರ. ಸಂಸ್ಕೃತದ ಈ ಮಾತುಗಳು ಮಧ್ಯ ಏಷ್ಯಾದ ಬೌದ್ಧರ ಬಾಯಿಂದ ಬಾಯಿಗೆ ದಾಟಿ, ಉಚ್ಚಾರ ಸವೆದು, ಡಾನ್ ಬಯಲಿನವರೆಗೂ ಬಂದಿದ್ದವು. ಅದೇ ಜಿಲ್ಲೆಯಲ್ಲಿ ರಷ್ಯನ್, ಉಕ್ರೇನಿಯನ್, ಜರ್ಮನ್ ಆಡುವವರೂ ಇದ್ದರು. ಇಷ್ಟು ಭಾಷೆಗಳು ಒಂದು ಸೈನಿಕ ಆಡಳಿತದ ಕೆಳಗೆ ಮೂರು ತಲೆಮಾರಿಗೂ ಮೀರಿ ಹೇಗೆ ಇದ್ದವು, ಆಮೇಲೆ ಮೂವತ್ತು ವರ್ಷವೂ ಕಳೆಯದೆ ಅವುಗಳಲ್ಲಿ ಎರಡು ಹೇಗೆ ಬೇರುಸಹಿತ ಹೋದವು ಎಂಬುದು ಈ ಅಧ್ಯಯನದ ಪ್ರಶ್ನೆ.

ಇದನ್ನು ಸೌಹಾರ್ದದ ಕಥೆಯಾಗಿ ಬರೆಯುವ ಆಸೆ ಯಾರಿಗಾದರೂ ಆಗಬಹುದು. ನನ್ನ ತಿಳಿವಳಿಕೆಯಲ್ಲಿ ಅದು ಸೌಹಾರ್ದವಲ್ಲ, ಮೇಲುಕೀಳಿನ ಒಂದು ಏರ್ಪಾಡು. ಆ ಏರ್ಪಾಡಿನಲ್ಲಿ ಮನುಷ್ಯನನ್ನು ಅಳೆಯುವ ಕೋಲು ಭಾಷೆಯಾಗಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಭಾಷೆಗಳು ಬದುಕಿಕೊಂಡವು.

ಜಾಗ, ಜನ, ಹೆಸರು

ಕಲ್ಮಿಕರು 17ನೇ ಶತಮಾನದ ಮೊದಲ ದಶಕಗಳಲ್ಲಿ ಜುಂಗಾರಿಯಾದಿಂದ, ಎಂದರೆ ಇಂದಿನ ಚೀನಾದ ಶಿನ್‌ಜಿಯಾಂಗ್‌ನ ಉತ್ತರ ಭಾಗದಿಂದ, ತಮ್ಮ ಮಂದೆಗಳೊಡನೆ ಪಶ್ಚಿಮಕ್ಕೆ ಸರಿದು ವೋಲ್ಗಾ ನದಿಯ ಕೆಳದಂಡೆಯಲ್ಲಿ ನೆಲೆಯೂರಿದವರು. 1771ರಲ್ಲಿ ಅವರಲ್ಲಿ ಬಹುಪಾಲು ಜನ ಉಬಾಶಿ ಖಾನನ ಹಿಂದೆ ಪೂರ್ವಕ್ಕೆ ಮರಳಿ ಹೊರಟರು. ದಾರಿಯಲ್ಲಿ ಹಸಿವು, ಬಾಯಾರಿಕೆ, ದಾಳಿಗಳಿಂದ ಸತ್ತವರಿಗೆ ಲೆಕ್ಕವಿಲ್ಲ. ಉಳಿದವರಲ್ಲಿ ಒಂದು ಗುಂಪು ಅದಕ್ಕೂ ಮೊದಲೇ ಡಾನ್ ಕೊಸಾಕರ ಜೊತೆ ಸೇರಿ ಅವರ ಪಡೆಯಲ್ಲಿ ಕುದುರೆ ಏರಿತ್ತು. ಇವರನ್ನು ಬುಜಾವ ಎನ್ನುತ್ತಾರೆ. 18ನೇ ಶತಮಾನ ಮುಗಿಯುವ ಹೊತ್ತಿಗೆ ಇವರು ಕಾನೂನಿನ ಪ್ರಕಾರವೂ ಕೊಸಾಕ್ ದರ್ಜೆಗೆ ಸೇರಿದರು. 19ನೇ ಶತಮಾನದ ಆರಂಭದಲ್ಲಿ ಇವರನ್ನು ಮೇಲಣ, ನಡುವಣ, ಕೆಳಗಣ ಎಂದು ಮೂರು ಉಲುಸ್‌ಗಳಾಗಿ, ಎಂದರೆ ಆಡಳಿತ ವಿಭಾಗಗಳಾಗಿ, ಆ ಮೂರನ್ನು ಹದಿಮೂರು ಸೋತ್ನ್ಯಾಗಳಾಗಿ ವಿಂಗಡಿಸಲಾಯಿತು. ಸೋತ್ನ್ಯಾ ಎಂದರೆ ನೂರು ಸವಾರರ ತುಕಡಿ. ಇಲ್ಲಿ ಅದು ತುಕಡಿಯ ಹೆಸರೂ ಹೌದು, ಆ ತುಕಡಿಗೆ ಆಳು ಒದಗಿಸುವ ಜನಸಮುದಾಯದ ಹೆಸರೂ ಹೌದು.

ಸೋತ್ನ್ಯಾಗಳಿಗೆ ಮೊದಲು ಕಲ್ಮಿಕ್ ಕುಲಗಳ ಹೆಸರೇ ಇತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಅವನ್ನು ಉಳಿದ ಕೊಸಾಕ್ ಊರುಗಳಂತೆ ಸ್ತಾನಿತ್ಸಗಳನ್ನಾಗಿ ಮಾಡಿದಾಗ ಹಲವಕ್ಕೆ ಡಾನ್ ಪಡೆಯ ಅತಮಾನರ, ಎಂದರೆ ಮುಖ್ಯಸ್ಥರ, ಹೆಸರುಗಳು ಬಂದವು: ಪ್ಲಾತೊವ್‌ನಿಂದ ಪ್ಲಾತೊವ್ಸ್ಕಯಾ, ದೆನಿಸೊವ್‌ನಿಂದ ದೆನಿಸೊವ್ಸ್ಕಯಾ, ಗ್ರಾಬ್ಬೆಯಿಂದ ಗ್ರಾಬ್ಬೆವ್ಸ್ಕಯಾ. ಕಾಗದದಲ್ಲಿ ರಷ್ಯನ್ ಅತಮಾನನ ಹೆಸರು, ಮನೆಮಾತಿನಲ್ಲಿ ಕುಲದ ಹೆಸರು. ಒಂದು ಊರಿಗೆ ಎರಡು ಹೆಸರಿರುವುದು ಯಾರಿಗೂ ತೊಡಕಾಗಿರಲಿಲ್ಲವೆಂದು ಕಾಣುತ್ತದೆ. ಎರಡನ್ನೂ ಯಾರೆದುರು ಆಡಬೇಕೆಂಬುದು ಎಲ್ಲರಿಗೂ ಗೊತ್ತಿತ್ತು.

ಕೊಸಾಕ್ ದರ್ಜೆ ಎಂದರೇನು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ. ತ್ಸಾರ್ ರಷ್ಯದಲ್ಲಿ ಪ್ರತಿ ಪ್ರಜೆಯೂ ಹುಟ್ಟಿನಿಂದ ಒಂದು ಕಾನೂನಿನ ದರ್ಜೆಗೆ ಸೇರುತ್ತಿದ್ದ: ಕುಲೀನ, ಪಾದ್ರಿ, ಪಟ್ಟಣಿಗ, ರೈತ, ಕೊಸಾಕ್. ಕೊಸಾಕ್ ದರ್ಜೆಯವನಿಗೆ ಸ್ತಾನಿತ್ಸದ ಸಾಮೂಹಿಕ ಜಮೀನಿನಲ್ಲಿ ಪಾಲು ಸಿಗುತ್ತಿತ್ತು, ತಲೆಗಂದಾಯವಿರಲಿಲ್ಲ. ಬದಲಿಗೆ ಅವನು ಸ್ವಂತ ಖರ್ಚಿನಲ್ಲಿ ಕುದುರೆ, ಜೀನು, ಖಡ್ಗ, ಸಮವಸ್ತ್ರ ಹೊಂದಿಸಿಕೊಂಡು ಸೈನ್ಯಕ್ಕೆ ಹೋಗಬೇಕಿತ್ತು. 1870ರ ದಶಕದ ನಿಯಮಾವಳಿಯಂತೆ 18ನೇ ವಯಸ್ಸಿನಿಂದ ಒಟ್ಟು 20 ವರ್ಷದ ಸೇವೆ: ತಯಾರಿಗೆ 3, ಸಾಲಿನ ಸೇವೆಗೆ 12, ಮೀಸಲಿಗೆ 5. ನಮ್ಮ ಉಂಬಳಿ ಜಮೀನನ್ನು ಬಲ್ಲವರಿಗೆ ಇದರ ತರ್ಕ ಹೊಸದೇನಲ್ಲ. ಸೇವೆ ಇರುವ ತನಕ ನೆಲ, ನೆಲ ಇರುವ ತನಕ ಮರ್ಯಾದೆ.

ಈ ದರ್ಜೆಗೆ ಸೇರದೆ ಕೊಸಾಕ್ ನೆಲದಲ್ಲಿ ಬದುಕುತ್ತಿದ್ದವರನ್ನು ಇನೊಗೊರೊದ್ನಿ ಎನ್ನುತ್ತಿದ್ದರು. ಅಕ್ಷರಶಃ ಬೇರೆ ಊರಿನವರು. ಅವರ ತಾತ ಅಲ್ಲೇ ಹುಟ್ಟಿದ್ದರೂ ಅವರು ಬೇರೆ ಊರಿನವರೇ. ಅವರಿಗೆ ಜಮೀನಿನ ಪಾಲಿಲ್ಲ, ಊರ ಸಭೆಯಲ್ಲಿ ಮಾತಿಲ್ಲ. ತಮ್ಮ ಮನೆ ನಿಂತ ಜಾಗಕ್ಕೂ ಅಳತೆಯ ಲೆಕ್ಕದಲ್ಲಿ ಅವರು ಸ್ತಾನಿತ್ಸಕ್ಕೆ ವರ್ಷವರ್ಷ ಹಣ ಕಟ್ಟಬೇಕಿತ್ತು. ಸಾಲ್ಸ್ಕ್‌ನಲ್ಲಿ ಇವರಲ್ಲಿ ಹೆಚ್ಚಿನವರು ಉಕ್ರೇನಿಯನ್ ಮಾತಿನ ರೈತರು ಮತ್ತು ರಷ್ಯದ ಒಳನಾಡಿನಿಂದ ಬಂದ ಕೂಲಿಗಳು. ತವ್ರಿಚಾನೆ ಎಂದು ಕರೆಸಿಕೊಳ್ಳುತ್ತಿದ್ದ, ಕ್ರಿಮಿಯಾವನ್ನೂ ಒಳಗೊಂಡ ತವ್ರಿದಾ ಪ್ರಾಂತದಿಂದ ಬಂದ ದೊಡ್ಡ ಗುತ್ತಿಗೆದಾರರೂ ಇದ್ದರು. ಕುರಿಮಂದೆ, ಗೋಧಿ ಅವರ ಕಸುಬು. ಜರ್ಮನ್ ರೈತರೂ ಗುತ್ತಿಗೆಯ ದಾರಿಯಲ್ಲೇ ಬಂದರು. ಕಲ್ಮಿಕ್ ಸ್ತಾನಿತ್ಸಗಳಿಗೆ ಮೇವುನೆಲ ಧಾರಾಳವಾಗಿತ್ತು, ನೇಗಿಲು ಹಿಡಿಯುವ ಉತ್ಸಾಹ ಕಡಿಮೆ. ಆದ್ದರಿಂದ ಹೆಚ್ಚುವರಿ ನೆಲವನ್ನು ಗುತ್ತಿಗೆಗೆ ಕೊಟ್ಟು ಅದರ ಹಣದಲ್ಲಿ ಅವರ ಊರ ಖರ್ಚು ನಡೆಯುತ್ತಿತ್ತು. ಇದರ ಜೊತೆಗೆ ಸೈನ್ಯಕ್ಕೆ ಕುದುರೆ ಸಾಕುವ ಖಾಸಗಿ ಒಡೆಯರಿಗೆ ಸರ್ಕಾರ ಅಗ್ಗದ ದರದಲ್ಲಿ ವಿಸ್ತಾರವಾದ ಬಯಲನ್ನು ಕೊಟ್ಟಿತ್ತು. ಆ ಕುದುರೆ ಠಾಣ್ಯಗಳ ಹೆಸರು ಝಿಮೊವ್ನಿಕ್, ಚಳಿಗಾಲದ ತಂಗುದಾಣ. ಇಂದು ಅದೇ ಹೆಸರಿನ ಒಂದು ತಾಲೂಕು ಕೇಂದ್ರ ಅಲ್ಲಿದೆ. 1890ರ ದಶಕದ ಕೊನೆಗೆ ತ್ಸಾರಿತ್ಸಿನ್‌ನಿಂದ ತಿಖೊರೆತ್ಸ್ಕಯಾಗೆ ರೈಲು ದಾರಿ ಈ ಬಯಲನ್ನು ಸೀಳಿಕೊಂಡು ಹೋದ ಮೇಲೆ ಗೋಧಿ ಸಾಗಿಸುವುದು ಸುಲಭವಾಯಿತು, ಹೊರಗಿನವರ ಬರವು ಇನ್ನೂ ಹೆಚ್ಚಿತು.

1897ರ ಎಣಿಕೆ

ರಷ್ಯ ಸಾಮ್ರಾಜ್ಯ ನಡೆಸಿದ ಒಂದೇ ಒಂದು ಪೂರ್ಣ ಜನಗಣತಿ 1897ರದ್ದು. ಹಳೆಯ ಪಂಚಾಂಗದ ಪ್ರಕಾರ ಜನವರಿ 28ಕ್ಕೆ ಎಣಿಕೆ. ಡಾನ್ ಪ್ರಾಂತದಲ್ಲಿ ಒಟ್ಟು 25,64,238 ಜನ ಲೆಕ್ಕಕ್ಕೆ ಸಿಕ್ಕರು. ಅವರಲ್ಲಿ ಕಲ್ಮಿಕ್ ಭಾಷಿಕರು ಸುಮಾರು 32,000, ಎಂದರೆ ಇಡೀ ಪ್ರಾಂತದಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಆದರೆ ಇವರಲ್ಲಿ ಬಹುತೇಕ ಎಲ್ಲರೂ ಸಾಲ್ಸ್ಕ್ ಜಿಲ್ಲೆಯಲ್ಲೇ ಇದ್ದರು. ಜಿಲ್ಲೆಯ ಒಟ್ಟು ಜನಸಂಖ್ಯೆ ಸುಮಾರು 76,000. ಅದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಕಲ್ಮಿಕ್ ಭಾಷಿಕರು. ಉಳಿದದ್ದನ್ನು ರಷ್ಯನ್ ಮತ್ತು ಉಕ್ರೇನಿಯನ್ ಭಾಷಿಕರು ಸರಿಸುಮಾರು ಸಮವಾಗಿ ಹಂಚಿಕೊಂಡಿದ್ದರೆ, ಜರ್ಮನ್ ಭಾಷಿಕರದು ಒಂದು ಸಣ್ಣ ಪಾಲು. ಯಾವ ಭಾಷೆಗೂ ಬಹುಮತವಿಲ್ಲದ ಜಿಲ್ಲೆ ಅದು.

ಆ ಗಣತಿ ಹಾಳೆಯ ರಚನೆಯನ್ನು ಸ್ವಲ್ಪ ಗಮನಿಸಬೇಕು. ಅದರಲ್ಲಿ 14 ಕಾಲಂಗಳಿದ್ದವು. ಹೆಸರು, ವಯಸ್ಸು, ಮದುವೆ ಮುಗಿದ ಮೇಲೆ ದರ್ಜೆಯ ಕಾಲಂ ಬರುತ್ತಿತ್ತು. ಹುಟ್ಟಿದ ಊರು, ದಾಖಲಾದ ಊರು ಇತ್ಯಾದಿಗಳನ್ನು ದಾಟಿ ಕೊನೆಕೊನೆಗೆ ಧರ್ಮ, ಆಮೇಲೆ ಮಾತೃಭಾಷೆ. ಜನಾಂಗ ಅಥವಾ ರಾಷ್ಟ್ರೀಯತೆ ಎಂಬ ಕಾಲಂ ಇರಲೇ ಇಲ್ಲ. ಪ್ಲಾತೊವ್ಸ್ಕಯಾದ ಒಬ್ಬ ಕಲ್ಮಿಕ್ ಸವಾರ ಈ ಹಾಳೆಯಲ್ಲಿ ಮೊದಲು ಕೊಸಾಕ್, ಆಮೇಲೆ ಬೌದ್ಧ, ಆಮೇಲೆ ಕಲ್ಮಿಕ್ ಭಾಷಿಕ. ಅವನ ಹುಲ್ಲು ಕೊಯ್ಯಲು ಬಂದ ಉಕ್ರೇನಿಯನ್ ಆಳು ಮೊದಲು ರೈತ, ಆಮೇಲೆ ಆರ್ಥೊಡಾಕ್ಸ್ ಕ್ರೈಸ್ತ, ಆಮೇಲೆ 'ಮಾಲೊರಷ್ಯನ್' ಭಾಷಿಕ. ಉಕ್ರೇನಿಯನ್ನನ್ನು ರಷ್ಯನ್ನಿನ ಒಂದು ಕವಲೆಂದೇ ಅಂದು ಬರೆದುಕೊಳ್ಳುತ್ತಿದ್ದರು. ಸಾಮ್ರಾಜ್ಯದ ಧರ್ಮವನ್ನೂ ಸಾಮ್ರಾಜ್ಯದ ಭಾಷೆಯ ಬಳಗವನ್ನೂ ಹಂಚಿಕೊಂಡವನಿಗೆ ನೆಲವಿಲ್ಲ, ಎರಡನ್ನೂ ಹಂಚಿಕೊಳ್ಳದವನಿಗೆ ನೆಲವಿದೆ. ಇದೇ ಈ ಜಿಲ್ಲೆಯ ವಿಚಿತ್ರ, ಮುಂದಿನ ಅನಾಹುತದ ಬೀಜವೂ ಇದರಲ್ಲೇ ಇತ್ತು.

ಭಾಷೆಗಳ ಕೆಲಸ ಹಂಚಿಕೆ

ಒಬ್ಬ ಕಲ್ಮಿಕ್ ಕೊಸಾಕನ ದಿನದಲ್ಲಿ ಎಷ್ಟು ಭಾಷೆಗಳು ಬರುತ್ತಿದ್ದವು ಎಂದು ನೋಡಿದರೆ ಏರ್ಪಾಡು ಹೇಗೆ ನಡೆಯುತ್ತಿತ್ತೆಂಬುದು ತಿಳಿಯುತ್ತದೆ. ಖೋತೊನ್ ಎಂಬ ಕೇರಿಯಲ್ಲಿ, ಗುಡಾರದೊಳಗೆ, ಕುದುರೆಲಾಯದಲ್ಲಿ ಕಲ್ಮಿಕ್. ಖುರುಲ್ ಎಂಬ ಬೌದ್ಧ ಗುಡಿಯಲ್ಲಿ ಪಠಣವೆಲ್ಲ ತಿಬೆಟನ್. ಅದರ ಅರ್ಥ ಎಲ್ಲರಿಗೂ ತಿಳಿಯುತ್ತಿರಲಿಲ್ಲ, ತಿಳಿಯಬೇಕೆಂದು ಯಾರೂ ಹಠ ಹಿಡಿಯುತ್ತಲೂ ಇರಲಿಲ್ಲ. ಕಾಗದ ಬರೆಯಲು ತೊದೊ ಬಿಚಿಗ್ ಎಂಬ ಲಿಪಿ. 1648ರಲ್ಲಿ ಝಯಾ ಪಂಡಿತನೆಂಬ ಭಿಕ್ಷು ಮಂಗೋಲ್ ಲಿಪಿಯನ್ನು ತಿದ್ದಿ, ಒಂದೊಂದು ಧ್ವನಿಗೂ ಒಂದೊಂದು ಗುರುತು ನಿಲ್ಲುವಂತೆ ರೂಪಿಸಿದ, ಮೇಲಿನಿಂದ ಕೆಳಕ್ಕೆ ಸಾಗುವ 'ಸ್ಪಷ್ಟ ಬರಹ' ಅದು. ಸೈನ್ಯದ ಆಜ್ಞೆ, ಸ್ತಾನಿತ್ಸದ ಕಡತ, ಶಾಲೆಯ ಪಾಠ ರಷ್ಯನ್ನಿನಲ್ಲಿ. ಗುತ್ತಿಗೆದಾರನ ಜೊತೆಗಿನ ಚೌಕಾಸಿ ರಷ್ಯನ್ನೋ ಉಕ್ರೇನಿಯನ್ನೋ ಎಂದು ಹೇಳಲಾಗದ ಒಂದು ಬೆರಕೆಯಲ್ಲಿ. ಸೇವೆಗೆ ಸೇರುವಾಗ ನಿಷ್ಠೆಯ ಪ್ರಮಾಣವನ್ನು ಮಾತ್ರ ಕ್ರೈಸ್ತ ಪಾದ್ರಿಯ ಬದಲು ಬೌದ್ಧ ಗುರುವಿನ ಎದುರು ಮಾಡಬಹುದಿತ್ತು.

ಗುಡಿಯ ಹಿರಿಯ ಗುರುವಿಗೆ ಬಕ್ಷಾ ಎನ್ನುತ್ತಿದ್ದರು. ಮಂಗೋಲರ ಈ ಪದವೇ ಪರ್ಷಿಯನ್ ಆಡಳಿತ ಭಾಷೆಯ ಮೂಲಕ ಮೊಗಲರ ಸೈನ್ಯಕ್ಕೆ ಹೋಗಿ ಸಂಬಳ ಬಟವಾಡೆಯ ಅಧಿಕಾರಿಯ ಹುದ್ದೆಯಾಯಿತು, ಅಲ್ಲಿಂದ ಮೈಸೂರಿನ ಅರಮನೆಯ ಬಕ್ಷಿಯವರೆಗೂ ಬಂತು. ಗುರು ಎಂಬರ್ಥದ ಮಾತು ಒಂದು ಕಡೆ ಗುಡಿಯಲ್ಲೇ ಉಳಿದು ಇನ್ನೊಂದು ಕಡೆ ಕಚೇರಿಗೆ ಹೋಯಿತು. ಡಾನ್ ಕಲ್ಮಿಕರ ಎಲ್ಲ ಬಕ್ಷಾಗಳ ಮೇಲೆ ಒಬ್ಬ ಲಾಮಾ ಇರುತ್ತಿದ್ದ. 20ನೇ ಶತಮಾನದ ಆರಂಭದಲ್ಲಿ ಆ ಪೀಠದಲ್ಲಿದ್ದವರು ಮೆಂಕೊ ಬೊರ್ಮಾನ್‌ಝಿನೊವ್. ಸರ್ಕಾರ ಈ ಗುರುಗಳ ಸಂಖ್ಯೆಯ ಮೇಲೆ ಮಿತಿ ಹೇರಿತ್ತು, ನೇಮಕಕ್ಕೆ ಒಪ್ಪಿಗೆ ಪಡೆಯಬೇಕಿತ್ತು. ಅದೇ ಸರ್ಕಾರ ತನಗೆ ಬೇಕಾದಾಗ ಅವರನ್ನು ಬಳಸಿಕೊಂಡಿತು ಕೂಡ. 1904ರಲ್ಲಿ ಬ್ರಿಟಿಷ್ ಸೈನ್ಯ ಲ್ಹಾಸಾದತ್ತ ನುಗ್ಗುತ್ತಿದ್ದಾಗ, ಅಲ್ಲಿನ ಸ್ಥಿತಿ ತಿಳಿಯಲು ರಷ್ಯ ಯಾತ್ರಿಕರ ವೇಷದಲ್ಲಿ ಕಳಿಸಿದ್ದು ಡಾನ್ ಕಲ್ಮಿಕ್ ಅಧಿಕಾರಿ ನರಾನ್ ಉಲಾನೊವ್ ಮತ್ತು ಭಿಕ್ಷು ದಂಬೊ ಉಲ್ಯಾನೊವ್ ಅವರನ್ನು. ಉಲಾನೊವ್ ದಾರಿಯಲ್ಲೇ ತೀರಿಕೊಂಡ. ಭಿಕ್ಷು ಲ್ಹಾಸಾ ತಲುಪಿದ. ಕುದುರೆಯ ಮೇಲೆ ರಷ್ಯನ್ ಅಧಿಕಾರಿ, ಗುಡಿಯಲ್ಲಿ ತಿಬೆಟನ್ ಪಾಠಿ, ಮನೆಯಲ್ಲಿ ಕಲ್ಮಿಕ್ ಆಗಿರಬಲ್ಲ ಮನುಷ್ಯ ಆ ಕೆಲಸಕ್ಕೆ ಬೇರೆಲ್ಲಿ ಸಿಗುತ್ತಿದ್ದ?

ಭಾಷೆಗಳು ಹೀಗೆ ಬೇರೆಬೇರೆ ಕೋಣೆಗಳಲ್ಲಿದ್ದರೂ ಬಾಗಿಲು ಮುಚ್ಚಿರಲಿಲ್ಲ ಎಂಬುದಕ್ಕೆ ಒಲೆಯ ಮೇಲಿನ ಪಾತ್ರೆ ಸಾಕ್ಷಿ. ಕಲ್ಮಿಕರ ಜೋಂಬಾ ಎಂಬ ಚಹಾ ಮಾಡುವುದು ಹೀಗೆ: ಇಟ್ಟಿಗೆಯಂತೆ ಒತ್ತಿದ ಚಹಾ ಎಲೆಯ ಗಟ್ಟಿಯನ್ನು ಮುರಿದು ನೀರಿನಲ್ಲಿ ಚೆನ್ನಾಗಿ ಕುದಿಸಿ, ಹಾಲು ಸುರಿದು, ಉಪ್ಪು ಹಾಕಿ, ಸೌಟಿನಿಂದ ಎತ್ತಿ ಎತ್ತಿ ಹೊಯ್ಯುತ್ತಾ ಬೆಣ್ಣೆ ಬೆರೆಸುವುದು, ಕೆಲವು ಮನೆಗಳಲ್ಲಿ ಕೊನೆಗೆ ಚಿಟಿಕೆ ಜಾಯಿಕಾಯಿ ಪುಡಿ. ಜೊತೆಗೆ ಕೊಬ್ಬಿನಲ್ಲಿ ಕರಿದ ಬೋರ್ತ್ಸಗ್. ಸಕ್ಕರೆಯಿಲ್ಲದ ಈ ಚಹಾ ಡಾನ್‌ನ ರಷ್ಯನ್ ಕೊಸಾಕರ ಮನೆಗೂ ಹೋಯಿತು, ಇಂದಿಗೂ ಅಲ್ಲಿ ಅದನ್ನು 'ಕಲ್ಮಿಕ್ ಚಹಾ' ಎಂದೇ ಕರೆದು ಕುಡಿಯುತ್ತಾರೆ. ಹಾಗೆಯೇ, ರಷ್ಯನ್ ಕೊಸಾಕರು ತಮ್ಮ ಸ್ತಾನಿತ್ಸದ ಜಮೀನಿಗೆ ಯೂರ್ತ್ ಎನ್ನುತ್ತಿದ್ದರು. ಹುಲ್ಲುಬಯಲಿನ ತುರ್ಕಿ ಅಲೆಮಾರಿಗಳ ನೆಲೆ ಎಂಬರ್ಥದ ಈ ಮಾತು ನೆಟ್ಟಗೆ ಬೇಲಿ ಹಾಕಿ ಉಳುವವರ ಬಾಯಲ್ಲಿ ಉಳಿದಿತ್ತು. ಅತಮಾನ್, ಯೆಸಾವುಲ್ ಎಂಬ ಹುದ್ದೆಗಳ ಹೆಸರುಗಳಿಗೂ ಅದೇ ಬಯಲಿನ ಸಂಪರ್ಕವಿದೆ.

ದರ್ಜೆ ಬಿದ್ದಾಗ

1917ರ ನವೆಂಬರ್‌ನಲ್ಲಿ ಹೊಸ ಸೋವಿಯತ್ ಸರ್ಕಾರ ಹುಟ್ಟಿನ ದರ್ಜೆಗಳನ್ನೆಲ್ಲ ಒಂದೇ ಆಜ್ಞೆಯಲ್ಲಿ ರದ್ದು ಮಾಡಿತು. ಕಾಗದದ ಮೇಲೆ ಕೊಸಾಕನೂ ಇಲ್ಲ, ಇನೊಗೊರೊದ್ನಿಯೂ ಇಲ್ಲ. ನೆಲದ ಮೇಲೆ ಆದದ್ದೇನೆಂದರೆ ಜಮೀನು ಇದ್ದವರು ಮತ್ತು ಇಲ್ಲದವರು ಎದುರುಬದುರಾದರು. ಡಾನ್‌ನ ಉತ್ತರದ ಜಿಲ್ಲೆಗಳಲ್ಲಿ ಈ ಎರಡೂ ಕಡೆಯವರು ನೋಡಲು, ಕೇಳಲು ಒಂದೇ ತರಹದ ಜನ. ಸಾಲ್ಸ್ಕ್‌ನಲ್ಲಿ ಹಾಗಲ್ಲ: ಕಲ್ಮಿಕನೆಂದರೆ ಬಹುಮಟ್ಟಿಗೆ ಕೊಸಾಕ್, ಉಕ್ರೇನಿಯನ್ನನೆಂದರೆ ಬಹುಮಟ್ಟಿಗೆ ಇನೊಗೊರೊದ್ನಿ. ದರ್ಜೆಯ ಗಡಿಯೂ ಭಾಷೆಯ ಗಡಿಯೂ ಇಲ್ಲಿ ಒಂದರ ಮೇಲೊಂದು ಕೂತಿದ್ದವು. ಆದ್ದರಿಂದ ಇಲ್ಲಿ ಜಮೀನಿನ ಸಿಟ್ಟನ್ನು ತೀರಿಸಿಕೊಳ್ಳಲು ದಾಖಲೆ ನೋಡಬೇಕಿರಲಿಲ್ಲ, ಮುಖ ನೋಡಿದರೆ ಸಾಕಿತ್ತು.

1918ರ ಫೆಬ್ರವರಿಯಲ್ಲಿ ಡಾನ್ ಪ್ರಾಂತದ ರಾಜಧಾನಿ ನೊವೊಚೆರ್ಕಾಸ್ಕ್ ಬೋಲ್ಶೆವಿಕರ ಕೆಂಪು ಪಡೆಗಳ ಕೈಗೆ ಬೀಳುತ್ತಿದ್ದಂತೆ ಯುದ್ಧಭೂಮಿಯ ಅತಮಾನ್ ಪೊಪೊವ್ ಸುಮಾರು 1,500 ಜನರೊಡನೆ ಈ ಬಯಲಿನ ಕುದುರೆ ಠಾಣ್ಯಗಳಿಗೆ ಹಿಂದೆ ಸರಿದ. ಕುದುರೆ, ಮೇವು, ಕಲ್ಮಿಕ್ ಸವಾರರು ಅಲ್ಲಿ ಸಿಗುತ್ತಿದ್ದುದೇ ಅದಕ್ಕೆ ಕಾರಣ. ಅದೇ ಚಳಿಗಾಲದಲ್ಲಿ ಪ್ಲಾತೊವ್ಸ್ಕಯಾ ಸ್ತಾನಿತ್ಸ ಕೈಯಿಂದ ಕೈಗೆ ಹೋಯಿತು, ಅಲ್ಲಿ ಎರಡೂ ಕಡೆಯವರ ಹೆಣ ಬಿದ್ದವು. ಆ ಸ್ತಾನಿತ್ಸಕ್ಕೆ ಸೇರಿದ ಖುತೋರ್, ಎಂದರೆ ಹೊಲಮನೆಗಳ ಸಣ್ಣ ಊರು, ಒಂದರಲ್ಲಿ 1883ರಲ್ಲಿ ಹುಟ್ಟಿದವನು ಸೆಮ್ಯೋನ್ ಬುದ್ಯೊನ್ನಿ, ಮುಂದೆ ಕೆಂಪು ಸೈನ್ಯದ ಮೊದಲ ಅಶ್ವಸೇನೆಯನ್ನು ನಡೆಸಿದವನು. ದಪ್ಪ ಮೀಸೆಯ ಅವನ ಚಿತ್ರ ಕಂಡವರೆಲ್ಲ ಅವನನ್ನು ಕೊಸಾಕನೆಂದೇ ತಿಳಿಯುತ್ತಾರೆ. ಅವನು ಇನೊಗೊರೊದ್ನಿ, ವೊರೊನೆಝ್ ಕಡೆಯಿಂದ ಬಂದ ಬಡ ಕುಟುಂಬದವನು. ಅವನ ಒಡನಾಡಿ ಓಕಾ ಗೊರೊದೊವಿಕೊವ್ ಅದೇ ಸೀಮೆಯ ಕಲ್ಮಿಕ್ ಕೊಸಾಕ್. 1920ರಲ್ಲಿ ಎರಡನೇ ಅಶ್ವಸೇನೆಯ ದಳಪತಿಯಾದ. ಹೀಗೆ ಗೆರೆ ದಾಟಿದವರು ಇದ್ದರು, ಆದರೆ ಅವರು ಕಡಿಮೆ. ಡಾನ್ ಕಲ್ಮಿಕರಲ್ಲಿ ಹೆಚ್ಚಿನವರು ಬಿಳಿಯರ, ಎಂದರೆ ಬೋಲ್ಶೆವಿಕ್ ವಿರೋಧಿ ಪಡೆಗಳ, ಕಡೆಗೆ, ಜ್ಯುಂಗಾರ್ ಎಂಬ ತಮ್ಮದೇ ರೆಜಿಮೆಂಟಿಗೆ ಹೋದರು. 1919ರ ಜನವರಿ 24ರ ಬೋಲ್ಶೆವಿಕ್ ಸುತ್ತೋಲೆ ಶ್ರೀಮಂತ ಕೊಸಾಕರ ವಿರುದ್ಧ ಸಾಮೂಹಿಕ ಭೀತಿಯನ್ನು ಬಳಸಬೇಕೆಂದು ಆದೇಶಿಸಿದ ಮೇಲೆ ಮನಸ್ಸು ಬದಲಿಸಲು ಅವರಿಗೆ ಕಾರಣವೂ ಉಳಿಯಲಿಲ್ಲ.

1920ರ ಮಾರ್ಚ್‌ನಲ್ಲಿ ಸೋತ ಸೈನ್ಯದ ಹಿಂದೆ ಹೆಂಗಸರು, ಮಕ್ಕಳು, ಗುರುಗಳು, ಗುಡಿಯ ಸಾಮಾನು ಹೇರಿದ ಗಾಡಿಗಳು ಕಪ್ಪು ಸಮುದ್ರದ ನೊವೊರೊಸ್ಸಿಸ್ಕ್ ಬಂದರಿನ ಕಡೆ ಸಾಗಿದವು. ಹಡಗುಗಳಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಹತ್ತಿದವರು ಕ್ರಿಮಿಯಾಕ್ಕೆ, ಅಲ್ಲಿಂದ ಇಸ್ತಾಂಬುಲ್‌ಗೆ ಹೋದರು. ದಡದಲ್ಲಿ ಉಳಿದವರು ಸೆರೆಯಾದರು, ಇಲ್ಲವೇ ಕಾಲ್ನಡಿಗೆಯಲ್ಲಿ ಮರಳಿದರು. ಮರಳಿದವರಲ್ಲೂ ಅನೇಕರನ್ನು 1920ರ ದಶಕದಲ್ಲಿ ಹೊಸದಾಗಿ ರಚನೆಯಾದ ಕಲ್ಮಿಕ್ ಸ್ವಾಯತ್ತ ಪ್ರದೇಶಕ್ಕೆ ಒಕ್ಕಲೆಬ್ಬಿಸಿ ಕರೆದೊಯ್ದರು. ಹದಿಮೂರು ಕಲ್ಮಿಕ್ ಸ್ತಾನಿತ್ಸಗಳ ಜಿಲ್ಲೆ ಅಲ್ಲಿಗೆ ಮುಗಿಯಿತು ಎನ್ನಬಹುದು.

ಪಟ್ಟಿಗಳ ಕಾಲ

ಸೋವಿಯತ್ ಆಡಳಿತ ದರ್ಜೆಯ ಕಾಲಂ ಕಿತ್ತುಹಾಕಿ ಆ ಜಾಗದಲ್ಲಿ ಜನಾಂಗದ ಕಾಲಂ ತಂದಿತು. ಮೊದಮೊದಲು ಇದು ಲಾಭದಂತೆಯೇ ಕಂಡಿತು. ಡಾನ್‌ನಲ್ಲಿ ಉಳಿದ ಕಲ್ಮಿಕರಿಗಾಗಿ 1929ರಲ್ಲಿ ಪ್ರತ್ಯೇಕ ಕಲ್ಮಿಕ್ ತಾಲೂಕು ರಚನೆಯಾಯಿತು, ಮಾತೃಭಾಷೆಯ ಶಾಲೆಗಳು ಬಂದವು. ಆದರೆ ಬರಹದ ಪಾಡು ನೋಡಿ: 1924ರಲ್ಲಿ ತೊದೊ ಬಿಚಿಗ್ ಬಿಟ್ಟು ಸಿರಿಲಿಕ್, ಕೆಲವೇ ವರ್ಷಗಳಲ್ಲಿ ಸಿರಿಲಿಕ್ ಬಿಟ್ಟು ಲ್ಯಾಟಿನ್, 1938ರಲ್ಲಿ ಲ್ಯಾಟಿನ್ ಬಿಟ್ಟು ಮತ್ತೆ ಸಿರಿಲಿಕ್. ಹದಿನಾಲ್ಕು ವರ್ಷದಲ್ಲಿ ಮೂರು ಸಲ ಲಿಪಿ ಬದಲಾದರೆ ತಾತನ ಕಾಗದವನ್ನು ಮಗ ಓದಲಾರ, ಮಗನ ಪಠ್ಯವನ್ನು ಮೊಮ್ಮಗ ಓದಲಾರ. ದಶಕ ಮುಗಿಯುವಷ್ಟರಲ್ಲಿ ಖುರುಲ್‌ಗಳೆಲ್ಲ ಬಾಗಿಲು ಹಾಕಿದವು. ತಿಬೆಟನ್ ಪಠಣ ನಿಂತಿತು.

ಯುದ್ಧ ಬಂದಾಗ ಈ ಕಾಲಂನ ಇನ್ನೊಂದು ಮುಖ ಕಂಡಿತು. 1941ರ ಶರತ್ಕಾಲದಲ್ಲಿ ಜರ್ಮನ್ ಭಾಷಿಕ ರೈತರನ್ನು, ಹಿಟ್ಲರನ ಸೈನ್ಯದವರ ಜನಾಂಗಕ್ಕೆ ಸೇರಿದವರೆಂಬ ಒಂದೇ ಕಾರಣಕ್ಕೆ, ಪೂರ್ವಕ್ಕೆ ಸಾಗಿಸಲಾಯಿತು. 1942ರ ಜುಲೈನಲ್ಲಿ 110ನೇ ಕಲ್ಮಿಕ್ ಅಶ್ವದಳ ಡಾನ್ ದಾಟುಗಳನ್ನು ಕಾಯುತ್ತಾ ಜರ್ಮನ್ ಟ್ಯಾಂಕುಗಳ ಎದುರು ಚೂರುಚೂರಾಯಿತು. ಆ ಕಾಳಗದಲ್ಲಿ ಸತ್ತ ಎರ್ದ್ನಿ ದೆಲಿಕೊವ್ ಎಂಬ ಸಾರ್ಜೆಂಟ್‌ಗೆ 1943ರಲ್ಲಿ ಸೋವಿಯತ್ ಒಕ್ಕೂಟದ ವೀರ ಎಂಬ ಪದವಿ ಕೊಟ್ಟರು. ಕಲ್ಮಿಕರಲ್ಲಿ ಒಂದು ಭಾಗ ಜರ್ಮನರ ಜೊತೆ ಸೇರಿ ಅಶ್ವಪಡೆ ಕಟ್ಟಿದ್ದೂ ನಿಜ. ಆದರೆ ಅದೇ ವರ್ಷದ ಡಿಸೆಂಬರ್ 27ರ ಆಜ್ಞೆ ಸೇರಿದವರು, ಸೇರದವರು ಎಂಬ ಭೇದ ಮಾಡಲಿಲ್ಲ. ಕಲ್ಮಿಕ್ ಗಣರಾಜ್ಯವನ್ನೇ ರದ್ದು ಮಾಡಿ, ಮರುದಿನದಿಂದ ತೊಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ದನದ ಬೋಗಿಗಳಲ್ಲಿ ತುಂಬಿ ಸೈಬೀರಿಯಾಕ್ಕೆ ಕಳಿಸಿದರು. ಗಣರಾಜ್ಯದ ಹೊರಗಿದ್ದ ಡಾನ್ ಕಲ್ಮಿಕರಿಗೆ ಇನ್ನೆರಡು-ಮೂರು ತಿಂಗಳು ಹೆಚ್ಚು ಸಿಕ್ಕಿತು: 1944ರ ಮಾರ್ಚ್‌ನಲ್ಲಿ ಅವರ ತಾಲೂಕು ರದ್ದಾಯಿತು, ಅದೇ ತಿಂಗಳು ಅವರೂ ಸೈಬೀರಿಯಾಕ್ಕೆ ಹೋದರು. ಮುಂಚೂಣಿಯಲ್ಲಿ ಕಾದಾಡುತ್ತಿದ್ದ ಕಲ್ಮಿಕ್ ಸೈನಿಕರನ್ನು ಸಾಲಿನಿಂದ ಕರೆದು ಉರಲ್ ಸೀಮೆಯ ಶಿರೊಕೊವ್ಸ್ಕಿ ಶ್ರಮಶಿಬಿರಕ್ಕೆ ದೂಡಿದರು.

1897ರ ಹಾಳೆಯನ್ನು ಇಲ್ಲಿ ಮತ್ತೊಮ್ಮೆ ಪಕ್ಕಕ್ಕಿಟ್ಟು ನೋಡಬೇಕು. ಆ ಹಾಳೆ ನ್ಯಾಯವಂತ ಹಾಳೆಯೇನಲ್ಲ. ಮೂರು ತಲೆಮಾರು ಉತ್ತವನನ್ನು ಬೇರೆ ಊರಿನವನೆಂದು ಬರೆದ ವ್ಯವಸ್ಥೆಯ ಹಾಳೆ ಅದು. ಆದರೆ ಅದರಲ್ಲಿ ಮಾತೃಭಾಷೆಯ ಉತ್ತರದಿಂದ ಯಾರಿಗೂ ನೆಲ ಸಿಗುತ್ತಿರಲಿಲ್ಲ, ಯಾರ ನೆಲವೂ ಹೋಗುತ್ತಿರಲಿಲ್ಲ. 1944ರ ಪಟ್ಟಿಯಲ್ಲಿ ಎಲ್ಲವೂ ಒಂದೇ ಉತ್ತರದ ಮೇಲೆ ನಿಂತಿತ್ತು.

ಕಲ್ಮಿಕರಿಗೆ ಮರಳುವ ಅವಕಾಶ ಸಿಕ್ಕಿದ್ದು 1957ರಲ್ಲಿ, ಅದೂ ಮರುಸ್ಥಾಪಿತ ಕಲ್ಮಿಕ್ ಪ್ರದೇಶಕ್ಕೆ. ಡಾನ್ ತಾಲೂಕು ಮತ್ತೆ ಹುಟ್ಟಲಿಲ್ಲ. ಹದಿಮೂರು ವರ್ಷ ಸೈಬೀರಿಯಾದ ಹಳ್ಳಿಗಳಲ್ಲಿ ಚದುರಿ ಬೆಳೆದ ಮಕ್ಕಳ ಬಾಯಲ್ಲಿ ರಷ್ಯನ್ನೇ ಮೊದಲಾಗಿತ್ತು. ಕಲ್ಮಿಕ್ ಇಂದು ಯುನೆಸ್ಕೊದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿದೆ. ಬುಜಾವರ ಮಾತಿನ ಬಗೆಯಂತೂ ತಾನು ಹುಟ್ಟಿ ಬೆಳೆದ ನೆಲದಲ್ಲಿ ಈಗ ವಿರಳ.

ಹೊರಗೆ ಹೋದವರು

ಇಸ್ತಾಂಬುಲ್‌ನಿಂದ ಬಲ್ಗೇರಿಯಾ, ಯುಗೊಸ್ಲಾವಿಯಾ, ಚೆಕೊಸ್ಲೊವಾಕಿಯಾ, ಫ್ರಾನ್ಸ್‌ಗಳಿಗೆ ಹರಡಿದ ಡಾನ್ ಕಲ್ಮಿಕರಲ್ಲಿ ಬೆಲ್‌ಗ್ರೇಡ್‌ನವರ ಸಾಧನೆ ದೊಡ್ಡದು. ಗಂಡಸರು ಬಾಡಿಗೆ ಗಾಡಿ ಹೊಡೆಯುತ್ತಿದ್ದರು, ಹೆಂಗಸರು ಸೈನ್ಯಕ್ಕೆ ಬಟ್ಟೆ ಹೊಲಿಯುತ್ತಿದ್ದರು. ಸ್ಥಳೀಯ ಇಟ್ಟಿಗೆ ಕಾರ್ಖಾನೆಯ ಮಾಲೀಕರೊಬ್ಬರು ಜಾಗ ಮತ್ತು ಇಟ್ಟಿಗೆ ಕೊಟ್ಟರು. 1929ರ ಡಿಸೆಂಬರ್‌ನಲ್ಲಿ ಅಲ್ಲಿ ಒಂದು ಬೌದ್ಧ ಗುಡಿ ತೆರೆಯಿತು. 1944ರ ಕಾಳಗದಲ್ಲಿ ಅದು ಜಖಂ ಆಯಿತು, ಆಮೇಲೆ ಕೆಡವಲ್ಪಟ್ಟಿತು. ಯುದ್ಧ ಮುಗಿದಾಗ ಈ ಕುಟುಂಬಗಳು ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿದ್ದವು, ಮತ್ತು ಅಲ್ಲಿ ಅವರನ್ನು ಇನ್ನೊಂದು ಕಾಲಂ ಕಾಯುತ್ತಿತ್ತು. ಅಮೆರಿಕದ ಅಂದಿನ ವಲಸೆ ಕಾನೂನು ಏಷ್ಯನ್ನರಿಗೆ ಬಾಗಿಲು ಮುಚ್ಚಿತ್ತು. ಕಲ್ಮಿಕರು ಯಾವ ಬಣ್ಣದವರು ಎಂಬ ಪ್ರಶ್ನೆ ಮೇಲ್ಮನವಿಗೆ ಹೋಗಿ, 1951ರಲ್ಲಿ ಅವರನ್ನು ಬಿಳಿಯರೆಂದು ಪರಿಗಣಿಸಬಹುದೆಂಬ ತೀರ್ಮಾನ ಬಂತು. ಸುಮಾರು ಐದಾರು ನೂರು ಜನ ಫಿಲಡೆಲ್ಫಿಯಾ ಮತ್ತು ನ್ಯೂಜೆರ್ಸಿಗೆ ಬಂದು ನೆಲೆಸಿದರು. ತ್ಸಾರ್‌ಗೆ ಕೊಸಾಕ್, ಸ್ಟಾಲಿನ್‌ಗೆ ಕಲ್ಮಿಕ್, ಅಮೆರಿಕಕ್ಕೆ ಬಿಳಿಯ. ಒಂದೇ ತಲೆಮಾರಿನ ಬದುಕಿನಲ್ಲಿ ಈ ಮೂರೂ ಆದವರಿದ್ದರು.

ಆ ಫಿಲಡೆಲ್ಫಿಯಾದ ಕಲ್ಮಿಕ್ ಬಳಗದಲ್ಲಿ 1972ರಲ್ಲಿ ಹುಟ್ಟಿದ ಎರ್ದ್ನಿ ಒಂಬದಿಕೊವ್ ಎಂಬ ಹುಡುಗ ಬಾಲ್ಯದಲ್ಲೇ ಉತ್ತರ ಕನ್ನಡದ ಮುಂಡಗೋಡಿಗೆ ಬಂದು, ಅಲ್ಲಿನ ತಿಬೆಟನ್ ಕಾಲೊನಿಯ ದ್ರೆಪುಂಗ್ ಗೋಮಾಂಗ್ ವಿಹಾರದಲ್ಲಿ ಹದಿಮೂರು ವರ್ಷ ಓದಿದ. ಆಯ್ಕೆ ಆಕಸ್ಮಿಕವಲ್ಲ. ಲ್ಹಾಸಾ ಬಳಿಯ ಮೂಲ ಗೋಮಾಂಗ್ ವಿದ್ಯಾಪೀಠವೇ ಮಂಗೋಲ್ ಮತ್ತು ಕಲ್ಮಿಕ್ ಭಿಕ್ಷುಗಳು ಹಿಂದಿನಿಂದ ಓದಲು ಹೋಗುತ್ತಿದ್ದ ಜಾಗ; ಅದು ಮುಂಡಗೋಡಿಗೆ ಬಂದಾಗ ದಾರಿಯೂ ಇತ್ತ ತಿರುಗಿತು. ತೆಲೊ ತುಲ್ಕು ರಿನ್‌ಪೋಚೆ ಎಂಬ ಹೆಸರಿನಲ್ಲಿ ಆತ 1992ರಲ್ಲಿ ಕಲ್ಮಿಕಿಯಾದ ಪ್ರಧಾನ ಲಾಮಾ ಆಗಿ, 2023ರ ಜನವರಿಯವರೆಗೆ ಆ ಸ್ಥಾನದಲ್ಲಿದ್ದರು. ಕಲ್ಮಿಕ್ ಹುಡುಗರು ಈಗಲೂ ಮುಂಡಗೋಡಿಗೆ ಓದಲು ಬರುತ್ತಾರೆ.

ಬಯಲು ಇಂದು

ವೆಲಿಕೊಕ್ನ್ಯಾಝೆಸ್ಕಯಾ ಎಂದರೆ ಮಹಾ ರಾಜಕುಮಾರನ ಊರು. ಅದರ ಇಂದಿನ ಹೆಸರು ಪ್ರೊಲೆತಾರ್ಸ್ಕ್, ಶ್ರಮಜೀವಿಗಳ ಊರು. ಪ್ಲಾತೊವ್ಸ್ಕಯಾ ಈಗ ಬುದ್ಯೊನ್ನೊವ್ಸ್ಕಯಾ. ಮನಿಚ್-ಗುದಿಲೊ ಸರೋವರದ ನಡುಗಡ್ಡೆಯೊಂದರಲ್ಲಿ ಒಡೆಯರಿಲ್ಲದ ಕಾಡುಗುದುರೆಗಳ ಹಿಂಡೊಂದು ಸಂರಕ್ಷಿತ ವಲಯದೊಳಗೆ ಮೇಯುತ್ತದೆ. ಜಿಲ್ಲೆ ಇದ್ದ ಜಾಗ ರೊಸ್ತೊವ್ ಪ್ರಾಂತದ ಹಲವು ತಾಲೂಕುಗಳಾಗಿ ಹಂಚಿಹೋಗಿದೆ. ಅಲ್ಲಿ ಇಂದು ಒಂದೇ ಭಾಷೆ ಇದೆಯೆಂದು ತಿಳಿದರೆ ತಪ್ಪು: ಕುರಿ ಸಾಕಲು ದಾಗೆಸ್ತಾನದಿಂದ ಬಂದ ದಾರ್ಗಿನ್ನರು ಪೂರ್ವದ ತಾಲೂಕುಗಳಲ್ಲಿದ್ದಾರೆ, 1989ರ ಗಲಭೆಯಲ್ಲಿ ಉಜ್ಬೆಕಿಸ್ತಾನ ಬಿಟ್ಟೋಡಿದ ಮೆಸ್ಖೆಟ್ ತುರ್ಕರು ಝಿಮೊವ್ನಿಕಿ, ಮಾರ್ತಿನೊವ್ಕಾ ಕಡೆ ನೆಲೆಸಿದ್ದಾರೆ. ಇವರನ್ನು ಈ ಕಾಲದ ಇನೊಗೊರೊದ್ನಿಗಳು ಎನ್ನಬೇಕೆನಿಸುತ್ತದೆ, ಆದರೆ ಆ ಹೋಲಿಕೆ ಅರ್ಧವೇ ಸರಿ. ಕಾನೂನಿನ ದರ್ಜೆ ಈಗ ಇಲ್ಲ.

ಕೊಸಾಕ್ ಎಂಬ ಮಾತು ಮಾತ್ರ ಕಾಲಂ ಬದಲಿಸಿ ಮರಳಿ ಬಂದಿದೆ. 2002ರ ರಷ್ಯನ್ ಜನಗಣತಿಯಲ್ಲಿ ಜನಾಂಗದ ಪ್ರಶ್ನೆಗೆ 1,40,028 ಜನ 'ಕೊಸಾಕ್' ಎಂದು ಉತ್ತರಿಸಿದರು. 2010ರಲ್ಲಿ 67,573 ಜನ. ಗಣತಿ ಇಲಾಖೆ ಆ ಉತ್ತರಗಳನ್ನೆಲ್ಲ ರಷ್ಯನ್ ಜನಾಂಗದ ಒಂದು ಒಳಗುಂಪೆಂದು ಸೇರಿಸಿ ಎಣಿಸಿತು. ಪ್ಲಾತೊವ್ಸ್ಕಯಾದ ಸವಾರನ ಮರಿಮಗನೊಬ್ಬ ಆ ಪ್ರಶ್ನೆಗೆ ಕೊಸಾಕ್ ಎಂದು ಬರೆಸಿದರೆ ರಷ್ಯನ್ನರ ಲೆಕ್ಕಕ್ಕೆ ಸೇರುತ್ತಾನೆ, ಕಲ್ಮಿಕ್ ಎಂದು ಬರೆಸಿದರೆ ಕೊಸಾಕರ ಲೆಕ್ಕದಿಂದ ಬಿಟ್ಟುಹೋಗುತ್ತಾನೆ.